ಸೋಮವಾರದ ನಲವತ್ತೆರಡು ತಾಸು

ಶಹಾಪುರದ ಕಾಲುವೆ ಕಚೇರಿಯಲ್ಲಿ ನಾನು ಗುಮಾಸ್ತಳಾಗಿ ಸೇರಿದ ವರ್ಷವೇ ಅಲ್ಲಿಗೆ ಮೊದಲ ಕಂಪ್ಯೂಟರ್ ಬಂತು. ಯಾವ ಗೇಟು ಯಾವ ದಿನ ಎಷ್ಟು ತಾಸು ತೆರೆದಿತ್ತು ಎಂಬುದನ್ನು ಅದರಲ್ಲಿ ತುಂಬಿ ಮೇಲಿನ ಕಚೇರಿಗೆ ಕಳಿಸುವುದು ನನ್ನ ಕೆಲಸ.

ಒಂದು ಬೆಳಿಗ್ಗೆ ಇಂಜಿನಿಯರ್ ಸಾಹೇಬರು ವನದುರ್ಗದ ಕಡೆಯ ಗೇಟು ನೋಡಿಕೊಳ್ಳುವ ಲಸ್ಕರನನ್ನು ಕರೆಸಿದರು. ನಿವೃತ್ತಿಗೆ ಹತ್ತಿರವಾಗಿದ್ದ, ಏಳನೆಯ ಇಯತ್ತೆವರೆಗಷ್ಟೇ ಓದಿದ್ದ ಮನುಷ್ಯ.

"ಮಂಗಳವಾರ, ಬುಧವಾರ ಸೊನ್ನಿ ತೋರಿಸಾಕತ್ತದ. ನಾಟಿ ಟೈಮಿನಾಗ ಯಾರನ್ನ ಕೇಳಿ ಗೇಟ್ ಬಂದ್ ಮಾಡ್ದಿ? ನೋಟಿಸ್ ಕೊಡ್ತೀನಿ ನೋಡು!"

"ನಾ ಬಂದ್ ಮಾಡಿಲ್ರಿ," ಎಂದಷ್ಟೇ ಹೇಳಿ ಆತ ನೇರ ನನ್ನ ಮೇಜಿಗೆ ಬಂದ. ತೆರೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಬೆರಳಿಟ್ಟು ಓದಿದ.

"ಮೇಡಂರಿ, ಸೋಮವಾರಕ್ಕ ನಲವತ್ತೆರಡು ತಾಸು ಹ್ಯಾಂಗ ಬಂದ್ವು? ದಿನಕ್ಕ ಇಪ್ಪತ್ನಾಕೇ ಅಲ್ರಿ?"

ನನ್ನ ತಪ್ಪು ಆಗಲೇ ಕಂಡಿತು. ಗೇಟು ತೆರೆದ ದಿನದ ಹೆಸರಿನ ಎದುರಿಗೇ ಎಲ್ಲ ತಾಸನ್ನೂ ಕೂಡಿಸಿ ಬರೆದಿದ್ದೆ. ಮುಂದಿನ ದಿನಗಳು ಖಾಲಿ ಉಳಿದಿದ್ದವು.

ಆತ ಬೈಯಲಿಲ್ಲ. ಗೇಟಿನ ಹೊತ್ತು ಬರೆದಿಡುವ ತನ್ನ ನೋಟ್‌ಬುಕ್ಕಿನಲ್ಲಿ ಉದ್ದಕ್ಕೊಂದು ಗೆರೆ ಎಳೆದು, ನಡುರಾತ್ರಿ ಹನ್ನೆರಡು ಬರುವಲ್ಲೆಲ್ಲ ಅಡ್ಡಗೆರೆ ಹಾಕಿದ. "ಸೋಮವಾರ ಸಂಜಿ ನಾಕಕ್ಕ ತೆಗದೀನಿ, ಆ ದಿನಕ್ಕ ಎಂಟು ತಾಸು. ಮಂಗಳವಾರ ಪೂರಾ ಇಪ್ಪತ್ನಾಕು. ಬುಧವಾರ ಮುಂಜಾನಿ ಹತ್ತಕ್ಕ ಇಳಿಸೀನಿ, ಅಲ್ಲಿಗೆ ಹತ್ತು. ಈಗ ಕೂಡಿಸ್ರಿ."

ನಲವತ್ತೆರಡೇ ಬಂತು. ಇಷ್ಟು ಸಲೀಸಾಗಿ ನನಗೆ ಯಾವ ಮೇಷ್ಟ್ರೂ ಲೆಕ್ಕ ಕಲಿಸಿರಲಿಲ್ಲ.

ಇಡೀ ತಿಂಗಳನ್ನು ಇಬ್ಬರೂ ಕೂತು ಹೀಗೆಯೇ ದಿನ ದಿನಕ್ಕೆ ಬಿಡಿಸಿದೆವು. ಒಂದು ಕಡೆ ಆತನೇ ಗೇಟು ಇಳಿಸಿದ ಹೊತ್ತು ಬರೆಯಲು ಮರೆತಿದ್ದ. "ಅಂದಾಜಿಗೆ ಒಂಬತ್ತು ಅಂತ ಹಾಕಲೇನು?" ಎಂದೆ.

"ಬ್ಯಾಡ್ರಿ. ತಪ್ಪು ನಂದು, ಕೇಳಿ ಬರ್ತೀನಿ," ಎಂದು ಬಸ್ಸು ಹತ್ತಿ ವನದುರ್ಗಕ್ಕೆ ಹೋದ. ಆ ದಿನ ಗೇಟಿನ ಬಳಿ ಸಸಿ ಕೀಳುತ್ತಿದ್ದ ಹೆಂಗಸರನ್ನು ವಿಚಾರಿಸಿ ಮರುದಿನ ಬಂದ. ಶಾಲೆಯ ಊಟದ ಗಂಟೆ ಹೊಡೆದಾಗ ನೀರು ನಿಂತಿತ್ತಂತೆ. ಮಧ್ಯಾಹ್ನ ಒಂದು ಗಂಟೆ ಎಂದು ಬರೆಸಿದ.

ಸರಿಪಡಿಸಿದ ಹಾಳೆಯನ್ನು ನಾನೇ ಸಾಹೇಬರ ಮುಂದಿಟ್ಟು, ತಪ್ಪು ನನ್ನದು ಎಂದೆ. ಅವರು ಹಾಳೆಯನ್ನು ಎರಡು ಸಲ ನೋಡಿ, ಬರೆದಿಟ್ಟಿದ್ದ ನೋಟಿಸನ್ನು ಹರಿದು, ನನ್ನ ಹಿಂದೆ ನಿಂತಿದ್ದ ಲಸ್ಕರನಿಗೆ ಕುರ್ಚಿ ತೋರಿಸಿದರು. "ಕುಂದ್ರು, ಚಾ ತರಿಸ್ತೀನಿ."

ಆತ ಸಂಕೋಚದಿಂದ ಅಂಚಿಗೆ ಕೂತ. ಚಹಾ ಬಂದಾಗ ಮೊದಲ ಕಪ್ಪನ್ನು ನನ್ನ ಕಡೆ ಸರಿಸಿದ.