ಚಿಕ್ಕಮ್ಮ ಚೀಲ ಬಿಟ್ಟು ಇಳಿದ ದಿನ

ಈ ಚೀಲ ಕಾಯುವ ಕೆಲಸ ಕಂಡುಹಿಡಿದವರ ಮನೆ ಹಾಳಾಗ! ನಮ್ಮ ಚಿಕ್ಕಮ್ಮ ನಾಗರತ್ನಮ್ಮನ ಅರ್ಧ ಆಯುಸ್ಸು ಅದರಲ್ಲೇ ಹೋಯಿತು. ನಂಜನಗೂಡಿನಿಂದ ಮದುವೆಯಾಗಿ ಮದರಾಸಿನ ಪೆರಂಬೂರಿಗೆ ಬಂದವಳು. ಚಿಕ್ಕಪ್ಪ ಅಂದಾನಿ ಅಲ್ಲಿನ ರೈಲು ಡಬ್ಬಿ ಕಾರ್ಖಾನೆಯಲ್ಲಿ ವೆಲ್ಡರ್. ರಜೆ ಬಂದರೆ ಸ್ನೇಹಿತರು, ಅವರ ಹೆಂಡಿರು ಮಕ್ಕಳು ಎಲ್ಲ ಸೇರಿ ತಿರುಗಾಟ. ವಂಡಲೂರಿನ ಝೂಗೆ ಹೋದರೆ ಗೇಟಿನ ಪಕ್ಕದ ಬೆಂಚಿನ ಮೇಲೆ ಚಿಕ್ಕಮ್ಮ ಮತ್ತು ಚೀಲಗಳು. ಮೆರೀನಾಕ್ಕೆ ಹೋದರೆ ಮರಳ ಮೇಲೆ ಚಿಕ್ಕಮ್ಮ, ಸುತ್ತ ಎಲ್ಲರ ಚಪ್ಪಲಿ. "ನೀವು ಕೂತ್ಕೊಳ್ಳಿ ಅತ್ತಿಗೆ, ನಿಮಗ್ಯಾಕೆ ಆಯಾಸ?" ಅನ್ನುವ ಬೆಣ್ಣೆ ಮಾತು ಬೇರೆ! ಮದರಾಸಿನಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸು ಸಮುದ್ರಕ್ಕೆ ಕಾಲಿಟ್ಟಿರಲಿಲ್ಲ ಅಂದರೆ ನಂಬುತ್ತೀರಾ?

ಎರಡು ಸಾವಿರದ ಒಂದರ ಕಾಣುಂ ಪೊಂಗಲ್. ಆವತ್ತು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಮನೆಯಿಂದ ಹೊರಗೆ ಬೀಳುತ್ತದೆ, ಮೆರೀನಾದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದಕ್ಕೇ ಚಿಕ್ಕಪ್ಪನ ಗೆಳೆಯ ಪದ್ಮನಾಭ, "ಪಳವೇರ್ಕಾಡಿಗೆ ಹೋಗೋಣ. ಅಲ್ಲೊಂದು ದ್ವೀಪ ಇದೆ. ಈ ಕಡೆ ಸರೋವರ, ಆ ಕಡೆ ಸಮುದ್ರ. ಇಡೀ ದಿನ ಅಲ್ಲೇ!" ಅಂದ. ಈ ಪದ್ಮನಾಭನನ್ನು ಯಾರೂ ಲೀಡರ್ ಮಾಡಿರಲಿಲ್ಲ, ಅವನೇ ಕೊರಳಿಗೆ ಒಂದು ವಿಷಲ್ ಹಾಕಿಕೊಂಡು ಆಗಿಬಿಟ್ಟಿದ್ದ.

ಬೆಳಿಗ್ಗೆ ಪುಳಿಯೋಗರೆ ಕಟ್ಟುತ್ತ ಚಿಕ್ಕಮ್ಮ, "ಈ ಸಲ ನಾನು ಸಮುದ್ರ ಮುಟ್ಟೇ ಬರೋದು, ಕೇಳಿಸ್ತಾ?" ಅಂದಳು. ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತದೆ "ಹೂಂ" ಅಂದ. ಆಗ ನಾನು ಅವರ ಮನೆಯಲ್ಲಿದ್ದುಕೊಂಡೇ ಕಾಲೇಜಿಗೆ ಹೋಗುತ್ತಿದ್ದೆ. ಆ "ಹೂಂ" ಎಂಥದ್ದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ದೋಣಿ ದ್ವೀಪದ ಹತ್ತಿರ ಬರುತ್ತಿದ್ದಂತೆ ಪದ್ಮನಾಭ ಎದ್ದು ನಿಂತ. "ದೋಣಿ ಸಂಜೆವರೆಗೂ ಇಲ್ಲೇ ಇರುತ್ತೆ. ಅತ್ತಿಗೆ ನೆರಳಲ್ಲಿ ಆರಾಮಾಗಿ ಕೂತಿರಲಿ, ಚೀಲ ಗೀಲ ನೋಡ್ಕೊಂಡು. ನಾವು ಆ ಕಡೆ ಹೋಗಿ ಸಮುದ್ರ ನೋಡಿ ಬರೋಣ."

ಚಿಕ್ಕಮ್ಮ ಗಂಡನ ಮುಖ ನೋಡಿದಳು. ಅವನು, "ಅದೂ ಸರೀನೇ," ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಮಡಿಲಲ್ಲಿದ್ದ ಚೀಲದ ಬಾಯಿಯನ್ನು ಇನ್ನೊಂದು ಸಲ ಬಿಗಿದು ಕಟ್ಟಿದಳು.

ದಡ ಇನ್ನೂ ಸ್ವಲ್ಪ ದೂರವಿದ್ದಾಗ ದೋಣಿ ಹೂಳಿನಲ್ಲಿ ಸಿಕ್ಕಿಕೊಂಡಿತು. ದೋಣಿಯವನು ಇಂಜಿನ್ ನಿಲ್ಲಿಸಿ ನೀರಿಗಿಳಿದ. ಚಿಕ್ಕಪ್ಪ, ಪದ್ಮನಾಭ ಇಬ್ಬರನ್ನೂ ಇಳಿಸಿ ಮುಂದಿನ ಹಗ್ಗ ಅವರ ಕೈಗೆ ಕೊಟ್ಟ. ತಾನು ಹಿಂದಿನಿಂದ ನೂಕುತ್ತ, "ಇಳು! ಇಳು!" ಅಂತ ಕೂಗಿದ. ತಮಿಳಿನಲ್ಲಿ ಹಾಗಂದರೆ ಎಳೆ ಅಂತ.

ಚಿಕ್ಕಮ್ಮ ಧಡಕ್ಕನೆ ಎದ್ದಳು. ಸೀರೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿದಳು. ದೋಣಿಯ ಅಂಚು ಹಿಡಿದು ನೀರಿಗೆ ಇಳಿದೇಬಿಟ್ಟಳು!

"ಅಯ್ಯೋ, ಇರಂಗಾದೀಂಗಮ್ಮಾ, ಇಳೀಬೇಡಿ!" ಅಂತ ಅಷ್ಟಿಷ್ಟು ಕನ್ನಡ ಬರುತ್ತಿದ್ದ ದೋಣಿಯವನು ಎರಡೂ ಭಾಷೆಯಲ್ಲಿ ಬಾಯಿ ಬಡಿದುಕೊಂಡ.

"ಅತ್ತಿಗೆ, ಇದೇನು? ಅವನು ಹೇಳಿದ್ದು ನಿಮಗಲ್ಲ!" ಅಂದ ಪದ್ಮನಾಭ.

"ಇಳಿ ಅಂದ, ಇಳಿದೆ. ಇದನ್ನ ಹಿಡ್ಕೊಳ್ಳಿ," ಅಂತ ಚಿಕ್ಕಮ್ಮ ಪುಳಿಯೋಗರೆ ಚೀಲವನ್ನು ಅವನ ಎದೆಗೆ ಒತ್ತಿದಳು. ಅವನು ಹಗ್ಗ ಬಿಟ್ಟು ಚೀಲ ತಬ್ಬಿಕೊಂಡ. ವಿಷಲ್ ಊದೋಣ ಅಂದರೆ ಕೈ ಖಾಲಿ ಇಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ನಾಗೂ, ವಾಪಸ್ ಹತ್ತು! ಚೀಲ ಕಾಯೋರು ಯಾರು?" ಚಿಕ್ಕಪ್ಪ ಕೂಗಿದ.

"ಕಾಗೆ ಕಾಯ್ಲಿ!"

ಅವಳು ತಿರುಗಿ ನೋಡಲಿಲ್ಲ. ಕೆಸರು ತುಳಿಯುತ್ತ ದಡ ಹತ್ತಿದಳು, ಸರ್ವೆ ತೋಪಿಗೆ ನುಗ್ಗಿದಳು. ನಾನೂ ಧುಮುಕಿ ಹಿಂದೆ ಓಡಿದೆ. ಮರಳು ಕಾದು ಹೆಂಚಾಗಿತ್ತು. ಅಂಗಾಲಿಗೆ ಮುಳ್ಳು ಹೊಕ್ಕಾಗ ಅವಳು ನನ್ನ ಭುಜ ಹಿಡಿದು ಕಿತ್ತೆಸೆದಳು. "ಸ್ವಲ್ಪ ಕೂತ್ಕೊಳ್ಳೋಣ ಚಿಕ್ಕಮ್ಮ," ಅಂದೆ. "ಕೂತಿದ್ದು ಸಾಕಾಗಿದೆ ಕಣೇ ನಂದಿತಾ," ಅಂದಳು.

ತೋಪು ಮುಗಿದದ್ದೇ ಸಮುದ್ರ. ಅವಳು ಅಳುಕದೆ ನಡೆದು ಹೋದಳು. ಅಲೆ ಬಂದು ಸೊಂಟಕ್ಕೆ ಹೊಡೆದಾಗ ಕುಸಿದು ಕೂತಳು, ಬೊಗಸೆಯಲ್ಲಿ ನೀರು ತೆಗೆದು ನಾಲಗೆಗೆ ಮುಟ್ಟಿಸಿಕೊಂಡಳು.

"ಉಪ್ಪು ಕಣೇ! ನಿಜವಾಗ್ಲೂ ಉಪ್ಪು!"

ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ. ನಾನಂತೂ ಅತ್ತೆ.

ಎಷ್ಟೋ ಹೊತ್ತಿನ ಮೇಲೆ ಚಿಕ್ಕಪ್ಪ ಏದುಸಿರು ಬಿಡುತ್ತ ಬಂದ. ನೀರಿನ ಅಂಚಿನಲ್ಲಿ ಚಪ್ಪಲಿ ಬಿಚ್ಚಿ, ಅಭ್ಯಾಸಬಲ ನೋಡಿ, "ಇದನ್ನ ಸ್ವಲ್ಪ..." ಅಂತ ಅವಳತ್ತ ಚಾಚಿದ. ಅವಳು ಸುಮ್ಮನೆ ನೋಡಿದಳು. ಚಾಚಿದ ಕೈ ಹಿಂದೆ ಹೋಯಿತು. ಚಪ್ಪಲಿಗಳನ್ನು ಮರಳ ಮೇಲಿಟ್ಟು ಅವುಗಳ ಪಕ್ಕದಲ್ಲಿ ತಾನೇ ಕೂತ. ಅಷ್ಟರಲ್ಲಿ ದೂರದಿಂದ ಪದ್ಮನಾಭನ ವಿಷಲ್ಲು, ಬೈಗುಳ ಎರಡೂ ಕೇಳಿಸಿದವು. ಅವನು ಚೀಲ ಕೆಳಗಿಟ್ಟಿದ್ದೇ ತಡ, ಕಾಗೆಗಳು ನಿಜವಾಗಿಯೂ ಪುಳಿಯೋಗರೆಗೆ ಬಾಯಿ ಹಾಕಿದ್ದವು.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ಕೇಳಿದ: "ಅಲ್ವೇ, ಪೆರಂಬೂರು ಮಾರ್ಕೆಟ್ಟಲ್ಲಿ ತಮಿಳಲ್ಲೇ ಜಗಳ ಆಡಿ ಗೆದ್ದು ಬರ್ತೀಯ. ಇಳು ಅಂದ್ರೆ ಎಳೆ ಅಂತ ಗೊತ್ತಿಲ್ವಾ ನಿನಗೆ?"

ಚಿಕ್ಕಮ್ಮ ಮುಖದ ಮೇಲಿನ ಉಪ್ಪುನೀರು ಒರೆಸಿಕೊಂಡಳು.

"ಗೊತ್ತಿಲ್ದೆ ಏನು? ಎಳೆ ಅಂದಿದ್ದು ಅವನು. ಇಳಿ ಅಂದಿದ್ದು ನಾನು."