ಎಡಕ್ಕಿದ್ದ ಕುದುರೆ

ಇಪ್ಪತ್ತು ವರ್ಷಗಳಿಂದ ನಾನೊಂದು ಸುಳ್ಳು ಹೇಳುತ್ತ ಬಂದಿದ್ದೇನೆ. ಗೋಣಿಬೀಡಿನ ನಮ್ಮ ತೋಟಕ್ಕೆ ಯಾರೇ ನೆಂಟರು ಬಂದರೂ ಕುದುರೆಮುಖದ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯುವುದು ಮನೆಯ ಪದ್ಧತಿ. ಕಳಸ ದಾಟಿದ ಮೇಲೆ ಒಂದು ತಿರುವಿನಲ್ಲಿ ಜೀಪು ನಿಲ್ಲಿಸಿ, 'ಅಗೋ ಕಿವಿ, ಅಗೋ ಮೂತಿ' ಎಂದು ಬಂಡೆಗಳನ್ನು ತೋರಿಸುತ್ತೇನೆ. ನೆಂಟರು 'ಓಹೋ, ಥೇಟ್ ಕುದುರೆ!' ಎನ್ನುತ್ತಾರೆ. ನನಗೆ ಮಾತ್ರ ಅಲ್ಲಿ ಕುದುರೆಯ ಬಾಲವೂ ಕಂಡಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ತೋರಿಸಿದಾಗ 'ಹೂಂ, ಕಂಡ್ತು' ಎಂದುಬಿಟ್ಟಿದ್ದೆ. ಒಮ್ಮೆ ಹೂಂ ಎಂದವನು ಆಮೇಲೆ ಬಾಯಿ ಬಿಡುವುದು ಹೇಗೆ?

ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡಿದ್ದೆ. ಆ ಬಂಡೆಗಳು ಭೂಮಿಯ ಮೇಲೆ ಕುದುರೆ ಹುಟ್ಟುವುದಕ್ಕೆ ಎಷ್ಟೋ ಮೊದಲಿನವಂತೆ. ಹೋಲಬೇಕಾದ ಜವಾಬ್ದಾರಿ ಕುದುರೆಯದು, ಬೆಟ್ಟದ್ದಲ್ಲ. ಆದರೂ ಸಾಯುವುದರೊಳಗೆ ಒಮ್ಮೆ ಕಾಣಬೇಕೆಂಬ ಆಸೆ ಇದ್ದೇ ಇತ್ತು.

ಈ ಜನವರಿಯಲ್ಲಿ ಹೆಂಡತಿ ಸುಮಿತ್ರಳ ಅಣ್ಣ ದಾವಣಗೆರೆಯಿಂದ ಬಂದರು. ತೊಳೆದಿಟ್ಟಂಥ ಆಕಾಶ. ಇವತ್ತು ಕಂಡೇ ತೀರುತ್ತದೆ ಎಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದೆ. ತಿರುವಿನಲ್ಲಿ ಇಳಿದರೆ, ಬೆಟ್ಟದ ಹಿಂದಿನಿಂದ ಒಂದು ಮೋಡ ಏಳುತ್ತಿದೆ! ಮನೆಯ ಕಣದಲ್ಲಿ ಕಾಫಿ ಹಣ್ಣು ಒಣಗಲು ಹರಡಿತ್ತು. ಕುದುರೆ ಮರೆತೇಹೋಯಿತು. ತೋಟದ ಲೆಕ್ಕಪತ್ರ, ಆಳುಕಾಳು ನೋಡಿಕೊಳ್ಳುವ ರೈಟರಿಗೆ ಫೋನು ಹಚ್ಚಿ, 'ಟಾರ್ಪಲ್ ಹೊದಿಸಿ ಮಾರಾಯ್ರೇ, ಬೇಗ!' ಎಂದು ಕೂಗತೊಡಗಿದೆ.

ತೋರಿಸುವವನೇ ಇಲ್ಲದಾಗ ಭಾವ ಎದುರಿನ ಬಂಡೆಗಳತ್ತ ಬೆರಳು ಮಾಡಿ ತಂಗಿಯನ್ನು ಕೇಳಿದರು, 'ಎಲ್ಲೈತವಾ ಕುದುರಿ? ಅದೇನಾ?'

'ಅಲ್ಲಲ್ಲ ಅಣ್ಣಾ, ಅದರ ಎಡಕ್ಕೆ ನೋಡು.'

ಎಡಕ್ಕೆ? ನಾನೂ ತಿರುಗಿದೆ. ಹಿಂದಿನ ಗುಡ್ಡಗಳನ್ನೆಲ್ಲ ಮೋಡ ಮುಚ್ಚಿ, ಒಂದೇ ಶಿಖರ ಎದ್ದು ನಿಂತಿತ್ತು. ಹಣೆ, ನೀಳ ಮೂಗು, ಮೂತಿ!

'ಕಂಡ್ತು! ಕಂಡ್ತು!' ಎಂದು ಕುಣಿದುಬಿಟ್ಟೆ.

'ಏನ್ ಕಂಡ್ತು ಗೌಡ್ರೇ? ಮಳೆನಾ?' ಫೋನಿನಲ್ಲಿ ರೈಟರು ಗಾಬರಿಯಾದರು.

'ನಿನಗೆ ಮೊದಲೇ ಗೊತ್ತಿತ್ತಾ?' ಎಂದು ಹೆಂಡತಿಯನ್ನು ಕೇಳಿದೆ.

'ಮದುವೆಯಾದ ವರ್ಷವೇ ಕಂಡಿತ್ತು. ನೀವು ಅಷ್ಟು ಖುಷೀಲಿ ಪಕ್ಕದ ಗುಡ್ಡ ತೋರಿಸ್ತಿದ್ರಿ. ನೆಂಟರೆದುರು ಹೇಗ್ರೀ ಹೇಳೋದು?'

ಮನೆಗೆ ಮರಳಿದರೆ ಗೋಣಿಬೀಡಿನಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಟಾರ್ಪಲಿನಡಿ ಕಾಫಿ ಬೆವರುತ್ತಿತ್ತು, ಹೊರಗೆ ರೈಟರು. ನನಗೆ ಅದಾವುದೂ ತಟ್ಟಲಿಲ್ಲ, ಅಷ್ಟು ಸಂತೋಷದಲ್ಲಿದ್ದೆ.

ಸಂಜೆ ಕಾಫಿ ಕುಡಿಯುವಾಗ ಹೊಳೆಯಿತು. ನಾನು ಇಷ್ಟು ವರ್ಷ ತೋರಿಸಿದ್ದು ಅಪ್ಪ ತೋರಿಸಿದ ಬಂಡೆಯನ್ನೇ. ಅವರ ಬೆರಳು ಹೋದ ದಿಕ್ಕು ನನಗೆ ಚೆನ್ನಾಗಿ ನೆನಪಿದೆ. ಅಪ್ಪನಿಗೂ ಅವರಪ್ಪ ಅಲ್ಲೇ ನಿಲ್ಲಿಸಿ ತೋರಿಸಿರಬೇಕು. ಪಾಪ, ಅಪ್ಪನೂ ಹೂಂ ಎಂದಿರಬೇಕು.