ಕುಸುಬಿ ಎಣ್ಣೆ ಹಚ್ಚಿದ ಕೆನ್ನೆ

ಮೊನ್ನೆ ಗಾಣದ ಅಂಗಡಿಯಿಂದ ತಂದ ಕುಸುಬಿ ಎಣ್ಣೆಯ ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ತಾನಾಗಿ ಎಡಗೆನ್ನೆಗೆ ಹೋಯಿತು. ಅಲ್ಲೀಗ ಏನೂ ಇಲ್ಲ. ಇದ್ದದ್ದು ಮೂವತ್ತು ವರ್ಷದ ಹಿಂದೆ...

ನಮ್ಮೂರು ಚಚಡಿಯಲ್ಲಿ ಮಗ್ಗಲ ಮನೆಯಲ್ಲಿ ಒಬ್ಬ ದೊಡ್ಡವ್ವ ಇದ್ದಳು. ನಮಗೆ ರಕ್ತಸಂಬಂಧವೇನಲ್ಲ, ಓಣಿಯ ಮಕ್ಕಳಿಗೆಲ್ಲ ಅವಳು ದೊಡ್ಡವ್ವ. ಮದುವೆಯಾದ ಮರುವರ್ಷ ತುಟಿಯ ಅಂಚಿಗೆ ತೊನ್ನು ಕಾಣಿಸಿತೆಂದು ಗಂಡನ ಮನೆಯವರು ತಂದು ಬಿಟ್ಟು ಹೋಗಿದ್ದರು. ನಾನು ಕಾಣುವ ಹೊತ್ತಿಗೆ ಮುಖ, ಕೈ ಎಲ್ಲ ಹಾಲುಬಿಳಿ. ಕರೆಯದೆ ಯಾರ ಮನೆಗೂ ಬರುತ್ತಿರಲಿಲ್ಲ, ಕರೆಯುವವರೂ ಇರಲಿಲ್ಲ. ನಾನಂತೂ ಅವಳ ಬಾಗಿಲನ್ನು ಓಡಿಯೇ ದಾಟುತ್ತಿದ್ದೆ.

ನನಗಾಗ ಒಂಬತ್ತು. ಆಷಾಢದ ಮಂಗಳವಾರ ಪೂಜೆಗೆ ಗುಳ್ಳವ್ವನ ಮೂರ್ತಿ ಮಾಡಲು ಹುಡುಗಿಯರು ಹುತ್ತದ ಮಣ್ಣು ತರುವುದು ನಮ್ಮಲ್ಲಿ ವಾಡಿಕೆ. "ಕೈಲೆ ಕೆದರಿ ತರ್ರಿ, ಹುತ್ತಕ್ಕ ಕಬ್ಬಿಣ ಮುಟ್ಟಸಬ್ಯಾಡ್ರಿ" ಎಂದು ಅವ್ವ ಹೇಳಿ ಕಳಿಸಿದ್ದಳು. ಮಣ್ಣು ಗಟ್ಟಿಯಿತ್ತು, ನನಗೆ ಅವಸರವಿತ್ತು. ಯಾರೂ ನೋಡದಂತೆ ಕುಡಗೋಲಿನಿಂದ ಕೊಚ್ಚಿದೆ. ಹದಿನೈದು ದಿನದಲ್ಲಿ ಎಡಗೆನ್ನೆಯ ಮೇಲೆ ರೂಪಾಯಿಯಗಲದ ಬಿಳಿ ಮಚ್ಚೆ ಎದ್ದಿತು. ವಾರಕ್ಕೆ ಇನ್ನೊಂದು. ನಾಗಪ್ಪನ ಶಾಪವೇ ಎಂದು ನನಗೆ ಖಾತ್ರಿಯಾಯಿತು. ಅವ್ವ ಪೌಡರ್ ಬಳಿದು, "ಯಾರ ಮುಂದೂ ಹೇಳಬ್ಯಾಡ" ಎಂದಳು. ಹೊರಬಾಗಿಲ ಅಗಳಿ ಹಾಕಿಬಂದು ಮತ್ತೊಮ್ಮೆ ಬಳಿದಳು. ಅವಳೂ ಹೆದರಿದ್ದಾಳೆಂದು ತಿಳಿದ ಮೇಲೆ ನನಗೆ ಅನ್ನವೇ ಇಳಿಯಲಿಲ್ಲ. ದಿನಕ್ಕೆ ಹತ್ತು ಸಲ ಕನ್ನಡಿ ನೋಡುತ್ತಿದ್ದೆ, ಹತ್ತು ಸಲವೂ ಮಚ್ಚೆ ದೊಡ್ಡದಾದಂತೆ ಕಾಣುತ್ತಿತ್ತು. ಇನ್ನು ನನ್ನ ಬಾಗಿಲನ್ನೂ ಮಕ್ಕಳು ಓಡಿ ದಾಟುತ್ತಾರೆ...

ಪಂಚಮಿ ಬಂತು. ಓಣಿಯವರೆಲ್ಲ ನಾಗರಕಲ್ಲಿಗೆ ಹಾಲೆರೆಯಲು ಹೋದೆವು. ಕೊಬ್ಬರಿ ಬಟ್ಟಲಿನಿಂದ ಹಾಲು ಬಿಡುತ್ತ, ಅಪ್ಪನ ಪಾಲು, ಅವ್ವನ ಪಾಲು ಎಂದು ಮನೆಯ ಒಬ್ಬೊಬ್ಬರ ಹೆಸರಲ್ಲೂ ಎರೆಯಬೇಕು. ಶಾಪ ಕೊಟ್ಟವನ ಮುಂದೆ ಯಾವ ಮುಖ ಇಟ್ಟುಕೊಂಡು "ನನ್ನ ಪಾಲು" ಎನ್ನಲಿ? ಎರೆಯದೆ, ಹಾಲಿನ ಚರಗಿ ಹಿಡಿದು ಬೇವಿನ ಮರದ ಹಿಂದೆ ಅಡಗಿದೆ. ಗೆಳತಿಯರ ಜೋಡಿ ಜೋಕಾಲಿಗೆ ಹೋಗಿರಬೇಕೆಂದು ಅವ್ವ ಮನೆಗೆ ಹೋದಳು. ಎಲ್ಲರೂ ಹೋದ ಮೇಲೆ ದೊಡ್ಡವ್ವ ಬಂದಳು. ಅವಳ ಸರದಿ ಯಾವಾಗಲೂ ಕೊನೆಗೇ.

ನನ್ನ ಅಳು ಕೇಳಿ ಬಂದು ಪಕ್ಕದಲ್ಲಿ ಕೂತಳು. ನಾನು ಮರಕ್ಕೆ ಅಂಟಿ ಕೂತೆ. ಹೆದರಿಕೆಯಲ್ಲಿ ಕುಡಗೋಲಿನ ಸಂಗತಿಯನ್ನೆಲ್ಲ ಬಾಯಿಬಿಟ್ಟೆ. ಅವಳು ತನ್ನ ಬಿಳಿ ಕೈಗಳನ್ನು ನನ್ನ ಮುಂದೆ ಚಾಚಿದಳು.

"ನಾ ಯಾವ ಹುತ್ತಕ್ಕೂ ಕೈ ಹಚ್ಚಿಲ್ಲವಾ. ಮತ್ತ ನನಗ್ಯಾಕ ಬಂತು?"

ಸೆರಗಿನಿಂದ ನನ್ನ ಪೌಡರ್ ಒರೆಸಿ, ಮಚ್ಚೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದಳು. ಸಣ್ಣ ಹೊಟ್ಟು ಉದುರಿತು.

"ನೋಡಿಲ್ಲೆ, ನನ್ನವು ಕೆರದರ ಏನೂ ಉದರಂಗಿಲ್ಲ. ನಿಂದು ಹಾಲಬಿಳಿ ಅಲ್ಲ, ಬರೇ ಮಾಸಿದಂಗ ಐತಿ. ಸಣ್ಣ ಹುಡುಗರಿಗೆ ಬರತೈತಿ, ಹೋಗತೈತಿ. ಇದನ್ನ ನನಗಿಂತ ಚಲೋ ಬಲ್ಲವರು ಯಾರದಾರ?"

ದೀಪಕ್ಕೆಂದು ತಂದ ಕುಸುಬಿ ಎಣ್ಣೆಯಲ್ಲಿ ಬೆರಳು ಅದ್ದಿ ಕೆನ್ನೆಗೆ ಸವರಿದಳು. ಆಮೇಲೆ ನನ್ನ ಚರಗಿ ತೆಗೆದುಕೊಂಡು, "ಈ ಹುಡುಗಿ ಪಾಲು" ಎಂದು ಹಾಲೆರೆದಳು.

ಹೋದ ಜೀವ ಬಂದಂತಾಯಿತು. ಆದರೆ ಮನೆಗೆ ಓಡಿ ಬಂದು ನಾನು ಮೊದಲು ಮಾಡಿದ್ದೇನು ಗೊತ್ತೇ? ಹಿತ್ತಲಲ್ಲಿ ಕೂತು ಆ ಕೆನ್ನೆಗೆ ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ತೊಳೆದೆ. ಅವಳ ಬೆರಳಿನದು ಅಂಟಿಬಿಟ್ಟರೆ ಎಂಬ ಭಯ. ತಲೆಯೆತ್ತಿದರೆ ದೊಡ್ಡವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ನಾನು ಮರೆತು ಬಂದ ಚರಗಿ ಹಿಡಿದು. ಅದನ್ನು ಕಟ್ಟೆಯ ಮೇಲಿಟ್ಟು ಹೋದಳು.

ಮರುದಿನ ಗೋಡೆಯಾಚೆಯಿಂದ ಅವ್ವನಿಗೆ ಎಣ್ಣೆಯ ಬಾಟಲಿ ಕೊಟ್ಟಳು. "ದಿನಾ ನೀನ ಹಚ್ಚವಾ. ನಾ ಹಚ್ಚಿದ್ರ ಹುಡುಗಿ ಅಂಜತೈತಿ."

ಅವ್ವ ಧೈರ್ಯ ಸಾಲದೆ ಸವದತ್ತಿಯ ಡಾಕ್ಟರರಿಗೂ ತೋರಿಸಿದಳು. ತೊನ್ನಲ್ಲ ಎಂದು ಅವರೂ ಹೇಳಿದರು. ಯುಗಾದಿಯ ಹೊತ್ತಿಗೆ ಮಚ್ಚೆ ಮಾಯವಾಗಿತ್ತು. ಅಲ್ಲಿಂದ ಮುಂದೆ ದೊಡ್ಡವ್ವನ ಬಾಗಿಲ ಮುಂದೆ ನಾನು ಓಡಲಿಲ್ಲ. ತಲೆ ತಗ್ಗಿಸಿ ದಾಟಿದೆ. ತಪ್ಪಾಯಿತು ಎನ್ನಲು ಎಷ್ಟೋ ವರ್ಷಗಳಿದ್ದವು, ನಡುವೆ ಇದ್ದದ್ದು ಒಂದೇ ಗೋಡೆ... ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಅವಳು ತೀರಿಕೊಂಡಳು.

ಈಗ ನನ್ನ ಮಗಳ ಕೆನ್ನೆಯಲ್ಲಿ ಅದೇ ಮಚ್ಚೆ. ಹೆದರುವಂಥದ್ದಲ್ಲ ಎಂದು ಡಾಕ್ಟರರು ನಕ್ಕು ಕಳಿಸಿದ್ದಾರೆ. ಅದಕ್ಕೆಂದೇ ತಂದ ಎಣ್ಣೆ ಸವರಿದೆ. "ನಾತ ಹೊಡಿತೈತಿ" ಎಂದು ಅವಳು ಅಂಗೈಯಿಂದ ಒರೆಸಿಕೊಂಡಳು.

ನಾನು ಗಾಬರಿಯಾಗಿ ಬಾಗಿಲ ಕಡೆ ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.